ಮನವಿಪತ್ರದ ಜೊತೆಗೆ ಒಂದು ಲೆಕ್ಕದ ಹಾಳೆ

ಗಡಿನಾಡಿನ ಕನ್ನಡ ಹೆತ್ತವರಲ್ಲಿ ವಿನಂತಿ.

ಪ್ರತಿ ನವೆಂಬರ್ ಒಂದರಂದು ನಮ್ಮ ವೇದಿಕೆಗಳಲ್ಲಿ ‘ಸಾವಿರಾರು ಮಕ್ಕಳು’, ‘ಅಸಂಖ್ಯ ಕುಟುಂಬಗಳು’, ‘ಅಪಾರ ಅನ್ಯಾಯ’ ಎಂಬ ಮಾತುಗಳು ಧಾರಾಳವಾಗಿ ಹರಿಯುತ್ತವೆ. ಅವೇ ಮಾತುಗಳು ಮನವಿಪತ್ರದ ರೂಪ ತಾಳಿ ಶಿಕ್ಷಣ ಇಲಾಖೆಯ ಮೇಜನ್ನು ಸೇರುತ್ತವೆ. ಮೇಜಿನ ಆಚೆ ಕುಳಿತವರು ಕೇಳುವುದು ಇಷ್ಟೇ: ಯಾವ ಶಾಲೆ? ಯಾವ ತರಗತಿ? ಎಷ್ಟು ಮಕ್ಕಳು? ನಮ್ಮ ನಿಯೋಗದವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಅಲ್ಲಿಗೆ ಮನವಿ ಕಡತದೊಳಗೆ ಮಲಗುತ್ತದೆ. ಹಕ್ಕನ್ನು ವಿಶೇಷಣಗಳಿಂದ ಕೇಳುವ ಈ ಅಭ್ಯಾಸ ನಮಗೆ ಮಾಡಿರುವ ಹಾನಿ ಸಣ್ಣದಲ್ಲ.

ಏಕೆಂದರೆ ನಮ್ಮ ಹಕ್ಕಿನ ಬೇರಿನಲ್ಲೇ ಅಂಕಿಗಳಿವೆ. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಶಾಲೆಯೊಂದರಲ್ಲಿ ಒಟ್ಟು 40 ಅಥವಾ ತರಗತಿಯೊಂದರಲ್ಲಿ 10 ಅಲ್ಪಸಂಖ್ಯಾತ ಭಾಷೆಯ ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದಿತು. 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲಿರಿಸಿತು. ಹತ್ತು ಮತ್ತು ನಲವತ್ತು ಎಂಬ ಎರಡು ಅಂಕಿಗಳನ್ನು ಎಣಿಸಿ ತೋರಿಸಬಲ್ಲವನಿಗೆ ಮಾತ್ರ ಈ ಮಾತುಗಳಿಂದ ಪ್ರಯೋಜನ.

ಆದರೆ ಎಣಿಕೆಯಲ್ಲೂ ಮೋಸವಿದೆ. ಅದರಲ್ಲಿ ಹಿರಿಯ ಮೋಸಗಾರನ ಹೆಸರು ‘ಸರಾಸರಿ’. ಒಂದು ವಲಯದಲ್ಲಿ ಐದು ಕನ್ನಡ ಶಾಲೆಗಳಿವೆ ಎಂದಿಟ್ಟುಕೊಳ್ಳಿ. ಒಂದನೆಯ ತರಗತಿಗೆ ಸೇರಿದ ಮಕ್ಕಳು ಕ್ರಮವಾಗಿ 4, 5, 6, 7 ಮತ್ತು 38. ಒಟ್ಟು 60, ಸರಾಸರಿ 12. ‘ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳಿದ್ದಾರೆ, ಚಿಂತೆಗೆ ಕಾರಣವಿಲ್ಲ’ ಎಂದು ವರದಿ ಬರೆಯಬಹುದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಐದರಲ್ಲಿ ನಾಲ್ಕು ಶಾಲೆಗಳ ಆ ತರಗತಿ ಹತ್ತರ ಗೆರೆಯ ಕೆಳಗಿದೆ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನದನ್ನು ನೋಡಿ: 6. ಇದು ಮಧ್ಯಾಂಕ. ಅಪಾಯದ ಗಂಟೆ ಬಾರಿಸುವುದು ಇದು, ಸರಾಸರಿಯಲ್ಲ.

ಪರೀಕ್ಷೆಯ ಅಂಕಗಳಲ್ಲಿಯೂ ಇದೇ ಕಥೆ. ಏಳು ಮಕ್ಕಳ ಗಣಿತದ ಅಂಕಗಳು 18, 20, 22, 24, 25, 90, 95 ಎನ್ನಿ. ಸರಾಸರಿ 42. ಉತ್ತೀರ್ಣಾಂಕ 35 ಆದರೆ ತರಗತಿ ಸುಖವಾಗಿದೆ ಎನಿಸುತ್ತದೆ. ಮಧ್ಯಾಂಕ 24, ಏಳರಲ್ಲಿ ಐವರು ಅನುತ್ತೀರ್ಣರು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಸರಾಸರಿ ಓದಿ ಹೇಳಿದಾಗ ಚಪ್ಪಾಳೆ ತಟ್ಟುವ ಮೊದಲು ಮಧ್ಯಾಂಕವನ್ನೂ ಕೇಳಿ.

ಇನ್ನು ಶೇಕಡಾವಾರಿನ ಮಾಯೆ. ‘ಕನ್ನಡ ಮಾಧ್ಯಮದ ಫಲಿತಾಂಶ ಕುಸಿಯಿತು’ ಎಂಬ ಮಾತನ್ನು ನಂಬಿ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುವ ಹೆತ್ತವರು ನಮ್ಮಲ್ಲಿದ್ದಾರೆ. ಎಂಟು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಜ್ವರದಿಂದ ಒಂದು ಪರೀಕ್ಷೆ ತಪ್ಪಿಸಿಕೊಂಡರೂ ಫಲಿತಾಂಶ 100ರಿಂದ 87.5ಕ್ಕೆ ಇಳಿಯುತ್ತದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಅದೇ ಒಬ್ಬನಿಂದ ಇಳಿಯುವುದು ಅರ್ಧ ಅಂಶ. ಸಣ್ಣ ತರಗತಿಯ ಒಂದು ವರ್ಷದ ಶೇಕಡಾವಾರಿಗೆ ಬೆದರುವುದು ಅವಿವೇಕ. ಕನಿಷ್ಠ ಐದು ವರ್ಷಗಳ ಲೆಕ್ಕ ಕೂಡಿಸಿ ನೋಡಬೇಕು. ಅಂತೆಯೇ, ಗೇಟಿನ ಮೇಲೆ ‘ನೂರಕ್ಕೆ ನೂರು’ ಎಂಬ ಫಲಕ ಕಂಡರೆ, ಒಂಬತ್ತನೆಯ ತರಗತಿಯಲ್ಲಿದ್ದ ಎಷ್ಟು ಮಕ್ಕಳು ಹತ್ತನೆಯದರ ಪರೀಕ್ಷೆಗೆ ಕುಳಿತರು ಎಂದೂ ಕೇಳಬೇಕು.

ಏನನ್ನು ಎಣಿಸುತ್ತಿದ್ದೇವೆ ಎಂಬುದೂ ಮುಖ್ಯ. ಜನಗಣತಿ ಕೇಳುವುದು ಮಾತೃಭಾಷೆಯನ್ನು. ಕಾಸರಗೋಡಿನಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿದ್ದಾರೆ. ಗಣತಿಯ ಕನ್ನಡದ ಕಂಬಸಾಲಿನಲ್ಲಿ ಅವರು ಕಾಣುವುದಿಲ್ಲ. ನೀಲಗಿರಿಯಲ್ಲಿ ಬಡಗ ನುಡಿಯವರನ್ನು ಅದೇ ಗಣತಿ ಕನ್ನಡದ ಗುಂಪಿನೊಳಗೆ ಸೇರಿಸುತ್ತದೆ. ಒಂದೆಡೆ ಕಡಮೆ, ಇನ್ನೊಂದೆಡೆ ಹೆಚ್ಚು. ‘ಕನ್ನಡಿಗರು ಇಷ್ಟೇ ಮಂದಿ’ ಎಂಬ ಅಂಕಿಯನ್ನು ಹಿಡಿದು ಶಾಲೆಯ ಅಗತ್ಯವನ್ನು ಅಳೆಯಹೊರಟರೆ ಅಳತೆಗೋಲೇ ತಪ್ಪಾದಂತೆ.

ಕೊನೆಯದು ಕಾರಣದ ಪ್ರಶ್ನೆ. ಫಲಿತಾಂಶ ನಿಜವಾಗಿಯೂ ಕೆಳಗಿದ್ದರೆ ‘ಕನ್ನಡದಲ್ಲಿ ಓದಿದ್ದರಿಂದ’ ಎನ್ನುವುದು ಅವಸರದ ತೀರ್ಪು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ಹೋರಾಟಗಳೇ ನಡೆದಿವೆ. ಹುದ್ದೆ ಎಷ್ಟು ದಿನ ಖಾಲಿಯಿತ್ತು, ಪುಸ್ತಕ ಯಾವ ದಿನಾಂಕದಂದು ಕೈಸೇರಿತು, ಅಧ್ಯಾಪಕರಿಗೆ ಕನ್ನಡ ಬರುತ್ತಿತ್ತೇ ಎಂಬ ಮೂರು ಕಂಬಸಾಲುಗಳನ್ನು ಫಲಿತಾಂಶದ ಪಕ್ಕದಲ್ಲಿಟ್ಟು ನೋಡದೆ ಭಾಷೆಯನ್ನು ಅಪರಾಧಿಯ ಕಟಕಟೆಗೆ ಏರಿಸಬಾರದು.

ಇದಕ್ಕೆಲ್ಲ ಪಂಡಿತರು ಬೇಕಿಲ್ಲ. ಮೊಬೈಲಿನ ಗೂಗಲ್ ಶೀಟ್ಸ್ ಸಾಕು. ಶಾಲೆಯ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್ ಇದ್ದರೆ ಅದೂ ಆದೀತು. ಒಂದೊಂದು ಅಡ್ಡಸಾಲು ಒಂದು ಶಾಲೆಯ ಒಂದು ತರಗತಿಯ ಒಂದು ವರ್ಷಕ್ಕೆ ಮೀಸಲು. ಕಂಬಸಾಲುಗಳು: ಶಾಲೆ, ವರ್ಷ, ತರಗತಿ, ದಾಖಲಾದವರು, ಪರೀಕ್ಷೆಗೆ ಕುಳಿತವರು, ಉತ್ತೀರ್ಣರಾದವರು, ಹುದ್ದೆ ಖಾಲಿಯಿದ್ದ ದಿನಗಳು, ಪುಸ್ತಕ ಬಂದ ದಿನಾಂಕ, ಅಧ್ಯಾಪಕರ ಕನ್ನಡಜ್ಞಾನ. ಒಂದು ಕೋಶದಲ್ಲಿ ಒಂದೇ ಅಂಕಿ. ‘ಸುಮಾರು 10’ ಎಂದು ಬರೆದರೆ ಯಂತ್ರ ಅದನ್ನು ಅಂಕಿಯೆಂದು ಎಣಿಸದು. ತಿಳಿಯದ ಕಡೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಆವರೇಜ್ ಸೂತ್ರ ಸರಾಸರಿಯನ್ನೂ, ಮೀಡಿಯನ್ ಸೂತ್ರ ಮಧ್ಯಾಂಕವನ್ನೂ, ಕೌಂಟ್‌ಇಫ್ ಹತ್ತಕ್ಕಿಂತ ಕಡಮೆ ಮಕ್ಕಳಿರುವ ತರಗತಿಗಳ ಸಂಖ್ಯೆಯನ್ನೂ ಕ್ಷಣದಲ್ಲಿ ಕೊಡುತ್ತವೆ. ಹಂಚಿಕೊಳ್ಳುವ ಹಾಳೆಯಲ್ಲಿ ಮಕ್ಕಳ ಹೆಸರು ಮಾತ್ರ ಕೂಡದು.

‘ಲೆಕ್ಕದಿಂದ ಭಾಷೆ ಉಳಿಯುತ್ತದೆಯೇ?’ ಎಂದು ಕೇಳುವವರಿಗೆ ನನ್ನ ಉತ್ತರ: ಭಾಷೆ ಉಳಿಯುವುದು ಮನೆಯ ಜಗುಲಿಯಲ್ಲಿ ಮತ್ತು ತರಗತಿಯ ಬೆಂಚಿನ ಮೇಲೆ. ಜಗುಲಿ ನಮ್ಮದು, ಬೆಂಚು ಸರಕಾರದ್ದು, ಸರಕಾರ ಲೆಕ್ಕದಿಂದ ನಡೆಯುತ್ತದೆ. ಕೇರಳದಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಎಣಿಕೆಯೇ ಅಧ್ಯಾಪಕ ಹುದ್ದೆಗಳಿಗೆ ಆಧಾರ. ಆ ದಿನ ಇಲಾಖೆ ಎಣಿಸುವ ಮೊದಲೇ ನಾವು ಎಣಿಸಿರಬೇಕು. ಅಕ್ಕಲಕೋಟೆ, ಜತ್ತ, ತಾಳವಾಡಿ, ಆದವಾನಿಯ ಬಂಧುಗಳು ತಮ್ಮ ತಮ್ಮ ರಾಜ್ಯದಲ್ಲಿ ಅಂಥ ದಿನ ಯಾವುದೆಂದು ಮುಖ್ಯೋಪಾಧ್ಯಾಯರಲ್ಲಿ ಈಗಲೇ ವಿಚಾರಿಸಿಕೊಳ್ಳಿ. ಮುಂದಿನ ಮನವಿಪತ್ರ ಒಂದೇ ಪುಟದ್ದಿರಲಿ; ಅದರ ಹಿಂದೆ ಈ ಹಾಳೆ ಲಗತ್ತಾಗಿರಲಿ.