14 ಸಾವಿರದ ಬೇಸ್ ಗಿಟಾರ್, ಹೆಬ್ಬೆರಳ ಏಟು

ಬೇಸ್ ಗಿಟಾರ್ ಅಂದ್ರೆ ಏನು ಅಂತ ಮನೆಮಂದಿಗೆ ಹೇಳೋದು ಕಷ್ಟ. "ನಾಲ್ಕೇ ತಂತಿ ಇದೆಯಲ್ಲೋ, ಇನ್ನೆರಡು ಎಲ್ಲಿ?" ಅಂತ ನಮ್ಮಮ್ಮ ಈಗಲೂ ಕೇಳ್ತಾರೆ. ಇಳಯರಾಜ ಸಂಗೀತ ಕೊಟ್ಟ ಹಳೇ ಹಾಡು ಯಾವುದಾದರೂ ಸರಿ, ಶಂಕರ್ ನಾಗ್ ಅವರ 'ಗೀತಾ' ಚಿತ್ರದ್ದೇ ಇರಲಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಾಯಕರ ದನಿಯ ಕೆಳಗೆ ದಪ್ಪ ಸದ್ದೊಂದು ತನ್ನ ಪಾಡಿಗೆ ಓಡಾಡುತ್ತಿರುತ್ತೆ. ಅದೇ ಬೇಸ್.

ಅದನ್ನು ಬೆರಳ ತುದಿಯಿಂದ ಮೀಟುವುದು ಸಾಮಾನ್ಯ ರೀತಿ. ಇನ್ನೊಂದು ರೀತಿಯಲ್ಲಿ ಹೆಬ್ಬೆರಳಿನ ಗೆಣ್ಣಿನಿಂದ ತಂತಿಗೆ 'ಟಪ್' ಅಂತ ಹೊಡೆದು, ತೋರುಬೆರಳಲ್ಲಿ ಇನ್ನೊಂದು ತಂತಿಯನ್ನು ಎಳೆದು 'ಟಕ್' ಅಂತ ಬಿಡ್ತಾರೆ. ಇದಕ್ಕೆ ಸ್ಲ್ಯಾಪ್ ಅಂತಾರೆ. ಈ ವಾರ ಅದರ ಮಾತು. ಕಾರಣ ಇಷ್ಟೇ: ಅದರ ಹೆಸರಲ್ಲಿ ನಮ್ಮ ಮನೆಯ ಹುಡುಗನೊಬ್ಬ ಸಾಲ ಮಾಡೋಕೆ ಹೊರಟಿದ್ದ.

ನನ್ನ ಚಿಕ್ಕಪ್ಪನ ಮಗ ಅವನು. ಮೈಸೂರಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಕೂಡಿಟ್ಟ ದುಡ್ಡಲ್ಲಿ 14 ಸಾವಿರ ಕೊಟ್ಟು ಜಾಜ್ ಬೇಸ್ ಮಾದರಿಯ, ಎರಡು ಪಿಕಪ್ ಇರೋ ವಾದ್ಯ ತಗೊಂಡಿದ್ದ. ಗೆಳೆಯರ ಬ್ಯಾಂಡಲ್ಲಿ ಗಿಟಾರ್ ಬಾರಿಸುವವನು ಎಲ್ಲರ ಎದುರು "ಇದೇನೋ ರಟ್ಟಿನ ಡಬ್ಬ ಬಡಿದ ಹಾಗಿದೆ" ಅಂದನಂತೆ. ಹುಡುಗ ಕುಗ್ಗಿಹೋಗಿದ್ದ. ಇದ್ದದ್ದನ್ನು 7 ಸಾವಿರಕ್ಕೆ ಮಾರಿ, 60 ಸಾವಿರದ್ದನ್ನು ಇಎಂಐ ಮೇಲೆ ತಗೋಬೇಕು ಅನ್ನೋದು ಲೆಕ್ಕ. ತಿಂಗಳಿಗೆ 5 ಸಾವಿರದ ಮೇಲೆ, ಒಂದು ವರ್ಷ. ಅವನ ಸಂಬಳದಲ್ಲಿ ರೂಮ್ ಬಾಡಿಗೆ ಕಟ್ಟಿ, ಊರಿಗೆ ಕಳಿಸಿದ ಮೇಲೆ ಉಳಿಯೋದೇ ಅಷ್ಟು.

"ಅಣ್ಣಾ, ಸ್ಲ್ಯಾಪ್‌ಗೆ ಆಕ್ಟಿವ್ ಬೇಸೇ ಬೇಕಂತೆ."

"ಮೊದಲು ಅದನ್ನ ಎತ್ಕೊಂಡು ಬಾರೋ, ನೋಡೋಣ" ಅಂದೆ.

ಸ್ಲ್ಯಾಪ್ ಹುಟ್ಟಿದ್ದೇ ಕೊರತೆಯಿಂದ ಅನ್ನೋದು ಇಲ್ಲಿ ನೆನಪಿಡಬೇಕು. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಲ್ಯಾರಿ ಗ್ರಹಾಮ್ ಅನ್ನುವವರು ತಾಯಿಯ ಜೊತೆ ಬಾರಿಸ್ತಿದ್ದರು. ಆ ತಂಡಕ್ಕೆ ಡ್ರಮ್ಮರ್ ಇಲ್ಲದೇ ಹೋಯ್ತು. ಹೆಬ್ಬೆರಳಿನ ಏಟಿನಿಂದ ದೊಡ್ಡ ಡ್ರಮ್ಮಿನ ಸದ್ದು, ಎಳೆದು ಬಿಡೋದರಿಂದ ಸ್ನೇರ್ ಡ್ರಮ್ಮಿನ ಸದ್ದು ಹೊರಡಿಸಿ ಅವರು ಆ ಜಾಗ ತುಂಬಿದರು. ಮುಂದೆ 'ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್' ತಂಡದಲ್ಲಿ ಇದೇ ಅವರ ಗುರುತಾಯ್ತು.

ಏಟು ಬಿದ್ದಾಗ ಆಗೋದಿಷ್ಟು: ತಂತಿ ಕೆಳಗೆ ಬಾಗಿ ನೆಕ್ಕಿನ ತುದಿಯ ಲೋಹದ ಫ್ರೆಟ್‌ಗಳಿಗೆ ಬಡಿಯುತ್ತೆ. ಆ 'ಕ್ಲಕ್' ಅನ್ನೋ ಮಿಂಚು ಅಲ್ಲಿಂದ ಬರೋದು. ಫ್ರೆಟ್ ಅಗ್ಗದ ವಾದ್ಯದಲ್ಲೂ ಲೋಹದ್ದೇ. ಹಾಗಿದ್ರೆ ಸದ್ದು ಎಲ್ಲಿ ಸಾಯ್ತಿದೆ ಅಂತ ಹುಡುಕಬೇಕು. ನಮ್ಮ ಕೆಲಸದಲ್ಲಿ ಬಗ್ ಹುಡುಕೋ ಹಾಗೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಕೇಳಿ ನೋಡೋದು.

ಮೊದಲ ಆರೋಪಿ ತಂತಿ. ಅವನ ಬೇಸಿನಲ್ಲಿ ಇನ್ನೂ ಅಂಗಡಿಯಿಂದ ಬಂದ ತಂತಿಗಳೇ ಇದ್ದವು, ಮುಟ್ಟಿದರೆ ಬೆರಳು ಕಪ್ಪಗಾಗ್ತಿತ್ತು. ಬೇಸ್ ತಂತಿಗೆ ಸುತ್ತಲೂ ಇನ್ನೊಂದು ಸಣ್ಣ ತಂತಿ ಸುತ್ತಿರ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ತುಂಬಿದರೆ ಮೇಲಿನ ಸ್ವರಾಂಶಗಳೆಲ್ಲ ಸತ್ತುಹೋಗ್ತವೆ. ಕುದಿಯೋ ನೀರಲ್ಲಿ ಹಾಕಿ ತೆಗೆದರೆ ನಾಲ್ಕು ದಿನ ಜೀವ ಬರುತ್ತೆ, ಆಮೇಲೆ ಅದೇ ಕತೆ. ಇಲ್ಲದ ಮಿಂಚನ್ನು ಯಾವ ಆಕ್ಟಿವ್ ಸರ್ಕ್ಯೂಟೂ ಹುಟ್ಟಿಸೋದಿಲ್ಲ, ಬರೀ 'ಸ್ಸ್ಸ್' ಅನ್ನೋ ಗದ್ದಲ ಹೆಚ್ಚಿಸುತ್ತೆ. ಸುಮಾರು 2 ಸಾವಿರ ಕೊಟ್ಟು ಸ್ಟೀಲ್ ರೌಂಡ್‌ವೂಂಡ್ ತಂತಿ ತಂದೆವು. ತೀರಾ ದಪ್ಪ ಬೇಡ, 45–105 ಅಥವಾ 40–100 ಅಳತೆಯದ್ದು ಸಾಕು. ಫ್ಲಾಟ್‌ವೂಂಡ್ ಮಾತ್ರ ಬೇಡ. ಹಾಡಿನ ಹಿಂದೆ ನುಡಿಸೋಕೆ ಅದು ಚೆನ್ನ, ಆದರೆ ಸ್ಲ್ಯಾಪ್ ಮಿಂಚು ಅದರಲ್ಲಿ ಕಡಿಮೆ.

ಎರಡನೆಯದು ನೆಕ್ಕಿನ ಬಾಗು. ಹೊಸ ತಂತಿ ಶ್ರುತಿ ಮಾಡಿದ ಮೇಲೇ ಇದನ್ನು ನೋಡಬೇಕು. ಮೊದಲ ಫ್ರೆಟ್ ಮತ್ತು ನೆಕ್ ದೇಹಕ್ಕೆ ಸೇರೋ ಕಡೆಯ ಫ್ರೆಟ್, ಎರಡನ್ನೂ ಒತ್ತಿಹಿಡಿದು 7–8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದಿ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ದಪ್ಪ, ಅಂದ್ರೆ ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ. ಇವನದ್ದರಲ್ಲಿ ಕಾರ್ಡ್ ಮೂರು ಸಲ ಮಡಚಿದರೂ ತೂರುತ್ತಿತ್ತು. ಟ್ರಸ್ ರಾಡ್ ಅನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ, ನೋಡಿ, ಮತ್ತೆ ಕಾಲು ಸುತ್ತು. ಬಿಗಿಯಾಗಿ ಕೂತಿದ್ದರೆ ಬಲವಂತ ಬೇಡ, ರಿಪೇರಿಯವರ ಹತ್ತಿರ ಹೋಗಿ.

ಆಮೇಲೆ ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ ದಪ್ಪ ತಂತಿ ಮೂರೂವರೆ ಮಿಲಿಮೀಟರ್ ಮೇಲಿತ್ತು! ಅಷ್ಟೆತ್ತರದಲ್ಲಿ ಹೆಬ್ಬೆರಳು ಎಷ್ಟು ಬಡಿದರೂ ತಂತಿ ಫ್ರೆಟ್ ಮುಟ್ಟಲ್ಲ. ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಎರಡಕ್ಕಿಂತ ಕೊಂಚ ಮೇಲಕ್ಕೆ ತಂದೆವು. ಮೊದಲ ಏಟಿಗೇ ಇಬ್ಬರೂ ಮುಖ ಮುಖ ನೋಡಿಕೊಂಡ್ವಿ. ಕೆಳಗಿನ ಮನೆಯ ಆಂಟಿ ಮಾತ್ರ, ಸಂಜೆ ಲಿಫ್ಟಲ್ಲಿ ಸಿಕ್ಕಿ "ಮನೇಲಿ ಮರಗೆಲಸ ನಡೀತಿದೆಯಾ?" ಅಂದರು.

ಪಿಕಪ್ ತೀರಾ ತಂತಿಗೆ ಅಂಟಿಕೊಂಡಿದ್ದರೆ ಸ್ವಲ್ಪ ಇಳಿಸಿ. ಜಾಜ್ ಬೇಸ್ ಮಾದರಿಯಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಮಧ್ಯದ ಕೆಲವು ಕಂಪನಗಳು ಪರಸ್ಪರ ಕಳೆದುಹೋಗಿ ಸ್ಲ್ಯಾಪ್‌ಗೆ ಬೇಕಾದ ಸದ್ದು ತಾನಾಗೇ ಸಿಗುತ್ತೆ, ಜೊತೆಗೆ ಹಮ್ ಕೂಡ ತಗ್ಗುತ್ತೆ. ಹುಡುಗ ಒಂದನ್ನು ಅರ್ಧಕ್ಕೆ ಇಟ್ಟು, ಟೋನ್ ನಾಬ್ ಮುಚ್ಚಿ ನುಡಿಸ್ತಿದ್ದ. ಇದಕ್ಕೆ ಖರ್ಚು ಸೊನ್ನೆ.

ಆ್ಯಂಪ್‌ನಲ್ಲಿ 400–500 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿ, 80ರ ಹತ್ತಿರ ಮತ್ತು 3 ಸಾವಿರದ ಹತ್ತಿರ ಚೂರು ಏರಿಸಿ. ಚೂರು ಅಂದ್ರೆ ಚೂರೇ. ಒಬ್ಬರೇ ರೂಮಲ್ಲಿ ಕೂತು ಮಧ್ಯಭಾಗ ಪೂರ್ತಿ ಕೆರೆದು ಹಾಕಿದರೆ ಹೆಡ್‌ಫೋನಲ್ಲಿ ಅದ್ಭುತ, ಬ್ಯಾಂಡಲ್ಲಿ ಮಾಯ. ಡ್ರಮ್, ಗಿಟಾರ್ ಜೊತೆ ನುಡಿಸುವಾಗಲೇ ಹೊಂದಿಸಿಕೊಳ್ಳಬೇಕು. ಇನ್ನೊಂದು, ಮೊಬೈಲಲ್ಲಿ ರೆಕಾರ್ಡ್ ಮಾಡಿ ಅದರ ಸ್ಪೀಕರ್‌ನಲ್ಲೇ ಕೇಳಿ ವಾದ್ಯಕ್ಕೆ ಬೈಯ್ಯೋದು ಅನ್ಯಾಯ. ಬೇಸಿನ ದಪ್ಪ ತಂತಿ ಸುಮಾರು 41 ಹರ್ಟ್ಸ್, ಅಷ್ಟು ಕೆಳಗಿನ ಸದ್ದು ಆ ಪುಟ್ಟ ಸ್ಪೀಕರಿಂದ ಬರೋದೇ ಇಲ್ಲ.

ಉಳಿದದ್ದು ಕೈ. ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ: ಅರ್ಧಕ್ಕಿಂತ ಹೆಚ್ಚು ಸದ್ದು ಇಲ್ಲೇ ಇರೋದು. ಹೆಬ್ಬೆರಳು ತಂತಿಯ ಮೇಲೆ ಕೂರಬಾರದು, ಬಿಸಿ ಹೆಂಚು ಮುಟ್ಟಿದ ಹಾಗೆ ತಕ್ಷಣ ಹಿಂದಕ್ಕೆ ಬರಬೇಕು. ಭುಜದಿಂದ ಬಡಿಯೋದಲ್ಲ, ಮಣಿಕಟ್ಟು ತಿರುಗಬೇಕು, ಬಾಗಿಲ ಹಿಡಿ ತಿರುಗಿಸೋ ಹಾಗೆ. ಏಟು ಬೀಳೋ ಜಾಗ ಕೊನೆಯ ಫ್ರೆಟ್ ಆಸುಪಾಸು, ಪಿಕಪ್ ಮೇಲಲ್ಲ. ನುಡಿಸದ ತಂತಿಗಳನ್ನು ಎಡಗೈ ಬೆರಳುಗಳು ಮೆಲ್ಲಗೆ ಮುಟ್ಟಿ ಸುಮ್ಮನಿರಿಸಬೇಕು. ಇಲ್ಲಾಂದ್ರೆ ಎಲ್ಲ ಒಟ್ಟಿಗೆ ಗುಂಯ್‌ಗುಡ್ತವೆ, ಆಗ ಕೇಳೋದು ನಿಜಕ್ಕೂ ಡಬ್ಬದ ಸದ್ದೇ.

ಬೇಸ್ ಅವನ ಹತ್ತಿರವೇ ಇದೆ, ಇಎಂಐ ಇಲ್ಲ. ತೋರುಬೆರಳಿನ 'ಟಕ್' ಇನ್ನೂ ಹೆಬ್ಬೆರಳಿಗಿಂತ ಜೋರಾಗಿಯೇ ಬರ್ತಿದೆ. ಅದಕ್ಕೆ ಕಂಪ್ರೆಸರ್ ಪೆಡಲ್ ಕೇಳಿದ, ಮೂರು ತಿಂಗಳು ಮೆಟ್ರೊನೋಮ್ ಹಾಕಿ ನಿಧಾನಕ್ಕೆ ಅಭ್ಯಾಸ ಮಾಡಿ ಆಮೇಲೆ ಕೇಳು ಅಂದಿದೀನಿ. 9ನೇ ಫ್ರೆಟ್ ಹತ್ತಿರ ಒಂದು ಕಡೆ ತಂತಿ ಇನ್ನೂ ಝರ್ ಅನ್ನುತ್ತೆ, ಅಲ್ಲಿ ಫ್ರೆಟ್ ಎತ್ತಿಕೊಂಡಿದೆ. ಅದು ನಮ್ಮ ಕೈಲಾಗೋ ಕೆಲಸ ಅಲ್ಲ, ರಿಪೇರಿಯವರಿಗೇ ಕೊಡಬೇಕು. ಮಳೆಗಾಲದಲ್ಲಿ ತೇವಕ್ಕೆ ಮರದ ನೆಕ್ ಮತ್ತೆ ಅಲುಗಾಡುತ್ತೆ, ಹಾಗಾಗಿ ಅಲೆನ್ ಕೀ ಮತ್ತು ಒಂದು ಹಳೇ ವಿಸಿಟಿಂಗ್ ಕಾರ್ಡ್ ಅವನ ಬ್ಯಾಗಿನ ಜೇಬಲ್ಲೇ ಇವೆ.