ಹೇಳಲು ಮಾತಿಲ್ಲದ ಸಂಕಟ

ಸಭ್ಯರ ಮಾತಿನಲ್ಲಿ ಶೌಚಕ್ಕೆ ನೇರವಾದ ಹೆಸರಿಲ್ಲ. ‘ಹೊರಕಡೆಗೆ ಹೋಗಿದ್ದಾರೆ’ ಎನ್ನುವುದು ವಾಡಿಕೆ. ಓದಿಕೊಂಡ ಹಿರಿಯರು ‘ಬಹಿರ್ದೆಸೆ’ ಎನ್ನುತ್ತಿದ್ದರು. ಹಳ್ಳಿಗಳಲ್ಲಿ ‘ಕೆರೆಯ ಕಡೆ ಹೋದರು’ ಎಂದರೆ ಕೇಳಿದವನು ಎರಡನೆಯ ಪ್ರಶ್ನೆ ಹಾಕುತ್ತಿರಲಿಲ್ಲ. ‘ತಂಬಿಗೆ ಹಿಡಿದು ಹೋದರು’ ಎಂದರಂತೂ ಉತ್ತರ ಪೂರ್ತಿಯಾಗುತ್ತಿತ್ತು. ಈ ಮರೆಮಾತುಗಳಲ್ಲಿ ಒಂದು ಮರ್ಯಾದೆ ಉಂಟು, ಸಂದೇಹವಿಲ್ಲ. ಆದರೆ ಆರೋಗ್ಯವಂತನ ಮರ್ಯಾದೆಯನ್ನು ಕಾಯುವ ಮುಸುಕೇ ಕೆಲವು ರೋಗಿಗಳ ಉಸಿರು ಕಟ್ಟಿಸುತ್ತದೆ. ಮಲಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರೋಗವನ್ನು ಗೆದ್ದು ಮನೆಗೆ ಮರಳಿದವರು ಅಂಥವರು.

ಅಜ್ಜಂಪುರದ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಅಂಥವರು ಯಾವ ಊರಿನಲ್ಲಿಯೂ ಇರಬಹುದು. ಅರುವತ್ತರ ಆಸುಪಾಸಿನ ವಯಸ್ಸು. ಈರುಳ್ಳಿ ಬೆಳೆಯುವ ಒಂದಿಷ್ಟು ಹೊಲ, ಹಿರಿಯರ ಕಾಲದ ಹೆಂಚಿನ ಮನೆ, ಮದುವೆಯಾಗಿ ಕಡೂರು ಸೇರಿದ ಮಗಳು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದುಕೊಂಡು ಕೆಲವು ತಿಂಗಳು ಕಳೆದರು. ಕೊನೆಗೆ ಪರೀಕ್ಷೆಯಲ್ಲಿ ನಿಜ ಹೊರಬಿದ್ದಿತು. ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರು, ಅರಸೀಕೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋದರು. 1973ರಲ್ಲಿ ಅಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದಂದಿನಿಂದ ನಾಡಿನ ಮೂಲೆಮೂಲೆಗಳಿಂದ ಎಷ್ಟೋ ಕುಟುಂಬಗಳು ಇಂಥ ಪ್ರಯಾಣ ಮಾಡಿವೆ. ವಿಕಿರಣ ಚಿಕಿತ್ಸೆಯಾಯಿತು, ಶಸ್ತ್ರಚಿಕಿತ್ಸೆಯಾಯಿತು. ಕರುಳಿನ ಹೊಸ ಜೋಡಣೆ ಮಾಗುವವರೆಗೆ ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲವಿತ್ತು. ಆಮೇಲೆ ಅದೂ ಹೋಯಿತು. ‘ಗಡ್ಡೆ ಪೂರ್ತಿಯಾಗಿ ಹೊರಬಂದಿದೆ’ ಎಂದರು ವೈದ್ಯರು. ಊರಿನವರು ‘ಪುನರ್ಜನ್ಮ’ ಎಂದರು.

ನಿಜವಾದ ಕಷ್ಟ ಮೊದಲಾದುದು ಆಮೇಲೆ. ಬೆಳಗಾಗುವುದರೊಳಗೆ ನಾಲ್ಕು ಸಲ ಹಿತ್ತಿಲಿನ ಕಕ್ಕಸಿಗೆ ಹೋಗಬೇಕು. ಹೋಗಿಬಂದು ಕುಳಿತರೆ ಹತ್ತೇ ನಿಮಿಷದಲ್ಲಿ ಮತ್ತೆ ಕರೆ. ಕರೆ ಬಂದಿತೆಂದರೆ ತಡೆಯಲಾಗದು. ಒಮ್ಮೆ ಹಜಾರ ದಾಟುವುದರೊಳಗೆ ಪಂಚೆ ಕೆಟ್ಟಿತು. ಅಂದಿನಿಂದ ಅವರು ಪೇಟೆಗೆ ಹೋಗುವುದನ್ನು ಬಿಟ್ಟರು. ಮೊಮ್ಮಗಳ ನಾಮಕರಣಕ್ಕೆ ಕರೆ ಬಂದಿತು.

“ತಂದೆಯೇ ಬರದಿದ್ದರೆ ಬೀಗರು ಏನೆಂದುಕೊಂಡಾರು?” ಎಂದರು ಹೆಂಡತಿ.

“ಮೈ ಸರಿಯಿಲ್ಲವೆಂದು ಹೇಳಿಬಿಡು.”

“ಗುಣವಾಗಿದೆ ಎಂದು ಡಾಕ್ಟರೇ ಹೇಳಿದರಲ್ಲ! ಹೋಗಲು ಮನಸ್ಸಿಲ್ಲ ಎನ್ನಿ.”

ಅವರು ಮಾತನಾಡಲಿಲ್ಲ. ರೋಗದ ಹೆಸರನ್ನು ಧೈರ್ಯವಾಗಿ ಹೇಳಿದ್ದವರಿಗೆ ಈ ತೊಂದರೆಯ ಹೆಸರು ಬಾಯಿಗೆ ಬಾರದು. ಹೇಳಿಕೊಂಡರೆ ನಗೆಪಾಟಲು, ಹೇಳಿಕೊಳ್ಳದಿದ್ದರೆ ಮನೆಯವರ ಕಣ್ಣಿಗೆ ಸಿಡುಕು, ಹಟ, ಸೋಮಾರಿತನ. ಇದು ಮನಸ್ಸಿನ ದೌರ್ಬಲ್ಯವಲ್ಲ. ದೇಹದ ರಚನೆಯಲ್ಲಿಯೇ ಆದ ಬದಲಾವಣೆ. ಇದನ್ನು ರೋಗಿ ಮೊದಲು ತಿಳಿಯಬೇಕು, ಬಳಿಕ ಮನೆಯವರು ತಿಳಿಯಬೇಕು.

ಆ ಬದಲಾವಣೆ ಏನೆಂಬುದನ್ನು ‘ಮಲಾಶಯ’ ಎಂಬ ಶಬ್ದವೇ ಹೇಳುತ್ತದೆ. ಜಲಾಶಯವೆಂದರೆ ನೀರಿಗೆ ತಂಗುದಾಣ. ಮಲಾಶಯವೆಂದರೆ ಮಲಕ್ಕೆ ತಂಗುದಾಣ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹೊಳೆ ಬಂದಂತೆ ನೀರು ನಿಲ್ಲುತ್ತದೆ. ಬೇಕಾದಾಗ ಬೇಕಾದಷ್ಟನ್ನೇ ಬಿಡಬಹುದು. ಜಲಾಶಯವನ್ನು ತೆಗೆದುಹಾಕಿ ಹೊಳೆಯನ್ನು ನೇರವಾಗಿ ತೂಬಿಗೆ ಸೇರಿಸಿದರೆ ಗತಿಯೇನು? ಶಸ್ತ್ರಚಿಕಿತ್ಸೆಯಲ್ಲಿ ಆಗುವುದು ಹೆಚ್ಚುಕಡಿಮೆ ಅದೇ. ಮಲಾಶಯವು ಸುಮಾರು 12ರಿಂದ 15 ಸೆಂಟಿಮೀಟರ್ ಉದ್ದದ, ಹಿಗ್ಗಬಲ್ಲ ಚೀಲ. ಬಂದಿರುವುದು ವಾಯುವೋ, ದ್ರವವೋ, ಗಟ್ಟಿಯೋ ಎಂದು ತಿಳಿಯುವ ಸೂಕ್ಷ್ಮವೂ ಈ ಭಾಗದಲ್ಲಿಯೇ ಇದೆ. ಗಡ್ಡೆಯೊಡನೆ ಅದರ ಬಹುಭಾಗವನ್ನು ಕತ್ತರಿಸಿ, ಮೇಲಿನ ದೊಡ್ಡ ಕರುಳನ್ನು ಕೆಳಗೆಳೆದು ಜೋಡಿಸುತ್ತಾರೆ. ಹೊಸ ಕರುಳು ಅಷ್ಟಾಗಿ ಹಿಗ್ಗದು, ತಡೆದುಕೊಳ್ಳದು. ಹತ್ತಿರದ ನರಗಳಿಗೂ ಬಿಗಿಸ್ನಾಯುವಿಗೂ ಪೆಟ್ಟು ತಗಲಿರಬಹುದು. ವಿಕಿರಣ ಚಿಕಿತ್ಸೆಯಾಗಿದ್ದರೆ ಉಳಿದ ಭಾಗ ಬಿರುಸಾಗುತ್ತದೆ. ಜೋಡಣೆ ಕೆಳಗೆ ಬಂದಷ್ಟೂ ತೊಂದರೆ ಹೆಚ್ಚು.

ಇಷ್ಟು ಕೆಳಗೆ ಜೋಡಿಸುವುದೇ ಹಿಂದೆ ಸಾಧ್ಯವಿರಲಿಲ್ಲ. 1908ರಲ್ಲಿ ಲಂಡನ್ನಿನ ವೈದ್ಯ ಅರ್ನೆಸ್ಟ್ ಮೈಲ್ಸ್ ವಿವರಿಸಿದ ಶಸ್ತ್ರಚಿಕಿತ್ಸೆಯಲ್ಲಿ ಮಲಾಶಯದೊಡನೆ ಗುದದ್ವಾರವೂ ಹೋಗುತ್ತಿತ್ತು. ರೋಗಿಗೆ ಜೀವಮಾನವೆಲ್ಲ ಹೊಟ್ಟೆಯ ಮೇಲಿನ ದಾರಿ. 1970ರ ದಶಕದಲ್ಲಿ ಕರುಳನ್ನು ವೃತ್ತಾಕಾರವಾಗಿ ಹೊಲಿಯುವ ಯಂತ್ರಗಳು ಬಳಕೆಗೆ ಬಂದವು. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್, ಮಲಾಶಯವನ್ನು ಅದರ ಸುತ್ತಣ ಕೊಬ್ಬಿನ ಹೊದಿಕೆಯೊಡನೆ ಹರಿಯದಂತೆ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಗಡ್ಡೆ ಮರುಕಳಿಸುವುದು ಇದರಿಂದ ಬಹಳ ಕಡಿಮೆಯಾಯಿತು. ಹೀಗೆ ಜೀವವೂ ಉಳಿಯಿತು, ಸಹಜವಾದ ದಾರಿಯೂ ಉಳಿಯಿತು. ಉಳಿದ ದಾರಿಯೊಡನೆ ಬಾಳುವುದು ಹೇಗೆಂಬ ಪ್ರಶ್ನೆ ಮಾತ್ರ ಬಹುಕಾಲ ರೋಗಿಯ ಪಾಲಿಗೇ ಬಿದ್ದಿತ್ತು.

ಈ ತೊಂದರೆಗೆ ಈಗ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ: ‘ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್’, ಸಂಕ್ಷೇಪವಾಗಿ ‘ಲಾರ್ಸ್’. 2012ರಲ್ಲಿ ಡೆನ್ಮಾರ್ಕಿನ ವೈದ್ಯರು ಇದನ್ನು ಅಳೆಯಲು ಐದೇ ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು. ವಾಯು ತಡೆಯಲಾಗದೆ ಹೋಗುವುದೆ? ತೆಳುಮಲ ಸೋರುವುದೆ? ದಿನಕ್ಕೆ ಎಷ್ಟು ಸಲ? ಒಮ್ಮೆ ಹೋದ ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದೆ? ಓಡಬೇಕಾದಷ್ಟು ಅವಸರವಾಗುವುದೆ? ಒಟ್ಟು 42 ಅಂಕ. 20ರವರೆಗೆ ತೊಂದರೆಯಿಲ್ಲ, 21ರಿಂದ 29 ಅಲ್ಪ, 30 ಮತ್ತು ಮೇಲೆ ತೀವ್ರ. ಯಾವ ತೊಂದರೆ ಬಾಳನ್ನು ಎಷ್ಟು ಕೆಡಿಸುತ್ತದೆಂಬುದನ್ನು ರೋಗಿಗಳಿಂದಲೇ ಕೇಳಿ ಅಂಕಗಳನ್ನು ಗೊತ್ತುಮಾಡಿದರು. ದಿನಕ್ಕೆ ಏಳಕ್ಕಿಂತ ಹೆಚ್ಚು ಸಲ ಹೋಗುವುದಕ್ಕೆ ದೊರೆತುದು 4 ಅಂಕ. ವಾರಕ್ಕೊಮ್ಮೆಯಾದರೂ ಓಡಬೇಕಾಗುವ ಅವಸರಕ್ಕೆ 16. ಎಷ್ಟು ಸಲ ಎಂಬುದಕ್ಕಿಂತ ‘ತಲುಪುವೆನೋ ಇಲ್ಲವೋ’ ಎಂಬ ಭಯವೇ ಮನುಷ್ಯನನ್ನು ಮನೆಯಲ್ಲಿ ಕಟ್ಟಿಹಾಕುತ್ತದೆ. ಕಡೂರಿಗೆ ಹೋಗಲೊಲ್ಲದ ಗೃಹಸ್ಥರ ಹಟಕ್ಕೆ ಇದೇ ಅರ್ಥ.

ಭಯಕ್ಕೆ ಪರಿಹಾರಗಳೂ ಉಂಟು. ಮೊದಲನೆಯದು ಕಾಲ. ಬಹಳ ಮಂದಿಗೆ ಮೊದಲ ಒಂದೆರಡು ವರ್ಷಗಳಲ್ಲಿ ಸ್ಥಿತಿ ಕ್ರಮೇಣ ಸುಧಾರಿಸುತ್ತದೆ. ಕೆಲವರಿಗೆ ಸ್ವಲ್ಪ ತೊಂದರೆ ಉಳಿದೇ ಉಳಿಯುತ್ತದೆ. ಎರಡನೆಯದು ಆಹಾರ. ತಿಂದುದೇನು, ಆದುದೇನು ಎಂದು ಎರಡು ವಾರ ಪುಸ್ತಕದಲ್ಲಿ ಬರೆದಿಟ್ಟರೆ ತನಗಾಗದ ಪದಾರ್ಥ ತಾನೇ ತಿಳಿಯುತ್ತದೆ. ಹಾಲು, ಹಸಿಮೆಣಸಿನಕಾಯಿ, ಅವರೆ, ಹುರುಳಿ, ಈರುಳ್ಳಿ ಹಲವರಿಗೆ ಆಗುವುದಿಲ್ಲ. ಈರುಳ್ಳಿಯ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ. ಆದರೆ ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗೀತು. ಎಲ್ಲವನ್ನೂ ಒಮ್ಮೆಗೇ ಬಿಟ್ಟು ಸೊರಗಬಾರದು. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸುವುದು ಸಹಜ; ಬಿಸಿ ಕಾಫಿ ಅದನ್ನು ಇನ್ನೂ ಚುರುಕುಗೊಳಿಸುತ್ತದೆ. ಆದುದರಿಂದ ಹೊರಡುವ ದಿನ ಕಾಫಿ, ತಿಂಡಿಗಳನ್ನು ಬೇಗನೆ ಮುಗಿಸಿ ಸಾಕಷ್ಟು ಹೊತ್ತು ಮನೆಯಲ್ಲಿದ್ದು ಹೊರಡುವುದು ಮೇಲು.

ಮಲವನ್ನು ಗಟ್ಟಿಗೊಳಿಸಲು ಇಸಬುಗೋಲಿನ ಹೊಟ್ಟು, ಕರುಳಿನ ವೇಗ ತಗ್ಗಿಸಲು ಲೋಪೆರಮೈಡ್ ಮಾತ್ರೆ ಉಪಯೋಗಕ್ಕೆ ಬರುತ್ತವೆ. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಗುದದ ಸುತ್ತಣ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಕಲಿಯಬಹುದು. ಇವುಗಳಿಂದ ಸಾಲದಿದ್ದರೆ, ಗುದದ್ವಾರದಿಂದ ನೀರು ಹಾಯಿಸಿ ಗೊತ್ತಾದ ಹೊತ್ತಿಗೆ ಕರುಳನ್ನು ತೆರವುಮಾಡುವ ಕ್ರಮವಿದೆ. ತಿಳಿದವರಿಂದ ಕಲಿತೇ ಮಾಡತಕ್ಕದ್ದು. ಏನು ಮಾಡಿದರೂ ಬಾಳು ಅಸಹನೀಯವಾದ ಕೆಲವರು ಮತ್ತೆ ಚೀಲವನ್ನೇ ಆರಿಸಿಕೊಂಡು ಓಡಾಟವನ್ನು ಮರಳಿ ಪಡೆದಿದ್ದಾರೆ. ಹೊಸದಾಗಿ ರಕ್ತ ಕಂಡರೆ, ತೂಕ ಇಳಿದರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ವಾಯುವೂ ಹೋಗದಿದ್ದರೆ ‘ಇದೂ ಅದೇ ತೊಂದರೆ’ ಎಂದು ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಆದರೆ ಇವೆಲ್ಲಕ್ಕೂ ಮುಂಚೆ ಬಾಯಿ ತೆರೆಯಬೇಕು. ಹೇಳಿಕೊಳ್ಳದ ತೊಂದರೆಗೆ ಮದ್ದು ಕೊಡುವ ವೈದ್ಯನಿಲ್ಲ.

ಕಲ್ಪನೆಯ ಗೃಹಸ್ಥರೂ ಮುಂದಿನ ತಪಾಸಣೆಯಲ್ಲಿ, ತಲೆ ತಗ್ಗಿಸಿಯೇ, ಎಲ್ಲವನ್ನೂ ಹೇಳಿದರೆನ್ನೋಣ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮೊದಲ ಬಾರಿಗೆ ಅದನ್ನು ಕೇಳಿದರು. ಊರಿಗೆ ಬಂದವರೇ ಗಂಡನ ಹಾಸಿಗೆಯನ್ನು ಹಿತ್ತಿಲ ಬಾಗಿಲಿನ ಪಕ್ಕದ ಕೋಣೆಗೆ ಸಾಗಿಸಿದರು. ಹಾದಿಯಲ್ಲಿದ್ದ ಭತ್ತದ ಚೀಲಗಳನ್ನು ತೆಗೆಸಿದರು. ರಾತ್ರಿಯೆಲ್ಲ ಒಂದು ದೀಪ ಉರಿಯುವಂತೆ ಮಾಡಿದರು. ಮಗಳಿಗೆ ತಾವೇ ಎಲ್ಲವನ್ನೂ ತಿಳಿಸಿದರು. ಬಸ್ಸು ಬೇಡ, ರೈಲಿನಲ್ಲಿ ಶೌಚಾಲಯವಿರುತ್ತದೆ ಎಂದು ನಿಶ್ಚಯವಾಯಿತು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ಹೆಚ್ಚಿಗೆ ಸೇರಿತು.

ಕಡೂರಿನಲ್ಲಿ ಎಲೆ ಹಾಕಿದ ಮೇಲೆ ಅಜ್ಜ ನಡುವೆಯೇ ಎದ್ದು ಹೋದರು. ಬೀಗರು ಗಾಬರಿಯಿಂದ ಮೇಲೆ ನೋಡಿದರು.

“ಅಪ್ಪ ಹೊರಕಡೆಗೆ ಹೋಗಿದ್ದಾರೆ, ಈಗ ಬರುತ್ತಾರೆ. ನೀವು ಊಟಮಾಡಿ” ಎಂದಳು ಮಗಳು, ಪಾಯಸ ಬಡಿಸುತ್ತ. ತಂದೆಯ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿಟ್ಟಳು.