ಲಾಲಾರಸವೂ ಬಾಯಿಯ ಬೂಷ್ಟೂ

ಎಂಜಲೆಂದು ನಾವು ಹೇಸುವ ದ್ರವವೇ ಬಾಯಿಯ ಕಾವಲುಗಾರ. ಆರೋಗ್ಯವಂತನ ಬಾಯಿಯಲ್ಲಿ ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸವು ಸ್ರವಿಸುತ್ತದೆ. ನಿದ್ರೆಯಲ್ಲಿ ಮಾತ್ರ ಬಹುಮಟ್ಟಿಗೆ ಬತ್ತಿಹೋಗುತ್ತದೆ.

ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರವು ಅನೇಕ ನಿರೋಗಿಗಳ ಬಾಯಿಯಲ್ಲಿಯೂ ವಾಸಿಸುತ್ತದೆ. ಅದು ದುಂಡು ಕಣಗಳಾಗಿ ಮಿತವಾಗಿರುವವರೆಗೆ ಸಾಮಾನ್ಯವಾಗಿ ಉಪದ್ರವವಿಲ್ಲ; ಎಳೆಗಳನ್ನು ಚಾಚಿ ಒಳಚರ್ಮವನ್ನು ಹೊಕ್ಕಿತೆಂದರೆ ರೋಗವು ತಲೆದೋರುತ್ತದೆ. ಈ ರೂಪಾಂತರವನ್ನು ಲಾಲಾರಸದ ಲೋಳೆಯು ತಡೆಹಿಡಿಯುತ್ತದೆ. ಅದರಲ್ಲಿರುವ ಹಿಸ್ಟಾಟಿನ್ ಎಂಬ ಕಿರುಪ್ರೋಟೀನು ಶಿಲೀಂಧ್ರವನ್ನು ಕೊಲ್ಲಬಲ್ಲದು. ಲ್ಯಾಕ್ಟೊಫೆರಿನ್ ಎಂಬುದು ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಬೈಕಾರ್ಬೊನೇಟು ಹುಳಿಯನ್ನು ತಗ್ಗಿಸುತ್ತದೆ. ಹಾಗೆಂದು ಲಾಲಾರಸವನ್ನು ಶಿಲೀಂಧ್ರದ ಶುದ್ಧ ವೈರಿಯೆನ್ನಲಾಗದು. ಅದರ ಕೆಲವು ಪ್ರೋಟೀನುಗಳು ಹಲ್ಲಿನ ಮೇಲೆ, ಕಟ್ಟಿಸಿಕೊಂಡ ಹಲ್ಲಿನ ಮೇಲೆ ತೆಳುಪೊರೆಯಾಗಿ ಕುಳಿತು ಅದೇ ಶಿಲೀಂಧ್ರಕ್ಕೆ ಹಿಡಿತವನ್ನೂ ಒದಗಿಸುತ್ತವೆ. ಹರಿಯುವ ರಸವು ತೊಳೆದೊಯ್ಯುತ್ತದೆ, ಅಂಟಿ ನಿಂತದ್ದು ನೆಲೆ ಕೊಡುತ್ತದೆ.

ಮನೆಯ ಹಿರಿಯರು ‘ಬಾಯಿ ಉರಿಯುತ್ತದೆ, ರುಚಿಯೇ ಇಲ್ಲ’ ಎಂದು ತಟ್ಟೆ ಸರಿಸಿದರೆ, ಸೊಸೆಯ ಅಡುಗೆಯನ್ನು ಜರಿಯುತ್ತಿದ್ದಾರೆಂದು ಮುನಿಸಿಕೊಳ್ಳುವ ಮನೆಗಳುಂಟು. ಮೊದಲು ಅವರ ಬಾಯಿಯನ್ನು ಬೆಳಕಿನಲ್ಲಿ ನೋಡಿರಿ. ನೆಗಡಿ, ಅಲರ್ಜಿ, ಖಿನ್ನತೆಗಳಿಗೆ ಕೊಡುವ ಹಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆಯಾದವರಲ್ಲಿ ಲಾಲಾಗ್ರಂಥಿಗಳೇ ಸೊರಗುತ್ತವೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೂ ಬೂಷ್ಟಿಗೆ ಅನುಕೂಲವೇ. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸತಕ್ಕದ್ದಲ್ಲ.

ಮೇಲ್ದವಡೆಯ ಕಟ್ಟಿಸಿದ ಹಲ್ಲು ಅಂಗುಳಕ್ಕೆ ಬಿಗಿಯಾಗಿ ಕೂತಿರುವುದರಿಂದ ಅದರಡಿಗೆ ಲಾಲಾರಸವು ಸರಿಯಾಗಿ ಸುಳಿಯದು. ಅಲ್ಲಿ ಅಂಗುಳವು ಕೆಂಪೇರುವುದು ಇದರಿಂದಲೇ. ರಾತ್ರಿ ಅದನ್ನು ತೆಗೆದು, ಉಜ್ಜಿ ತೊಳೆದು, ನೀರಿನಲ್ಲಿಡಬೇಕು. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಸೇದುವವರು ಪ್ರತಿಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

ಔಷಧವಿಲ್ಲದ ರೋಗವಲ್ಲ ಇದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬಿಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ನಿಸ್ಟಾಟಿನ್ ಇಂದಿಗೂ ಬಳಕೆಯಲ್ಲಿದೆ. ನ್ಯೂಯಾರ್ಕ್ ರಾಜ್ಯದ ಹೆಸರನ್ನೇ ಅದಕ್ಕಿಟ್ಟರು. ಅದರ ಪೇಟೆಂಟಿನ ಆದಾಯವನ್ನು ತಾವು ಮುಟ್ಟದೆ ಸಂಶೋಧನೆಗೇ ಬಿಟ್ಟುಕೊಟ್ಟರು.

ಬೂಷ್ಟಿನ ಬಿಳಿ ಪದರವು ಸಾಮಾನ್ಯವಾಗಿ ಒರೆಸಿದರೆ ಕಿತ್ತು ಬರುತ್ತದೆ. ಒರೆಸಿದರೂ ಹೋಗದ ಬಿಳಿ ಕಲೆಯನ್ನು, ಅದರಲ್ಲಿಯೂ ತಂಬಾಕು, ಅಡಿಕೆ ಜಗಿಯುವವರ ಬಾಯಿಯಲ್ಲಿ ಕಂಡದ್ದನ್ನು, ತಡಮಾಡದೆ ದಂತವೈದ್ಯರಿಗೆ ತೋರಿಸಿರಿ.